ಇವರು

ಹಳೆಯ ಹಾಳೆಯನ್ನು ಹೊಸ ಆ್ಯಪಿಗೆ ತರಲು ಪುಟ್ಟಿ ಆಮದು ಎಂದು ಬರೆದ ಗುಂಡಿ ಒತ್ತಿ ಎರಡು ನಿಮಿಷವೂ ಆಗಿರಲಿಲ್ಲ, ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು.

"ಅತ್ತೆ, ಇಲ್ನೋಡಿ. ಆರುನೂರ ಹನ್ನೆರಡು ಸಾಲು ಒಳಗೆ ಹೋಗ್ತಿಲ್ಲ. 'ಇವರು' ಅನ್ನೋ ಕೆಲಸಗಾರ ಪಟ್ಟಿಯಲ್ಲಿ ಇಲ್ವಂತೆ."

ಆಕೆ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದಳು. 'ಮಾಡಿದವರು' ಎಂಬ ಕಾಲಂನಲ್ಲಿ ಉದ್ದಕ್ಕೂ ಇವರು, ಇವರು, ಇವರು. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಆಕೆಯ ಮುಖ ಕೆಂಪಾಯಿತು.

ಅದು ಬೂಟು ಹೊಲಿಯುವ ಕಾರ್ಯಾಗಾರ. ಒಂದು ಕಾಲು ಗಿಡ್ಡವಿದ್ದವರು, ಪಾದ ತಿರುಚಿಕೊಂಡವರು, ಬೆರಳು ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಆಕೆಯ ಗಂಡ ಮಂಡಿಯೂರಿ ಕೂತು, ಟೇಪು ಸುತ್ತಿ ಅಳತೆ ಕೂಗುತ್ತಿದ್ದ. ಈಕೆ ಕಂಪ್ಯೂಟರಿನ ಮುಂದೆ ಕೂತು ಸ್ಪ್ರೆಡ್‌ಶೀಟಿಗೆ ತುಂಬುತ್ತಿದ್ದಳು. "ಎಡ ಹಿಮ್ಮಡಿ, ಮೂರೂವರೆ ಸೆಂಟಿಮೀಟರ್ ಏರಿಸ್ಬೇಕು. ಬರ್ಕೊಂಡ್ಯಾ?" ಹತ್ತೊಂಬತ್ತು ವರ್ಷ ಹಾಗೇ ನಡೆಯಿತು. ಒಮ್ಮೆ ಆತ ಭುಜದ ಮೇಲಿಂದ ಇಣುಕಿ ನಕ್ಕಿದ್ದ. "ಏನೇ ಇದು, ನನಗೊಂದು ಹೆಸರಿಲ್ವಾ?"

"ಇದೆ. ಕೂಗೋಕೆ ಊರೆಲ್ಲ ಇದ್ದಾರಲ್ಲ," ಎಂದಿದ್ದಳು ಈಕೆ.

ಆತ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಳೆ ಬೆಳೆದು ಬೆಳೆದು, ತೆರೆಯುವಷ್ಟರಲ್ಲಿ ಬಂದವರಿಗೆ ಆಕಳಿಕೆ ಬರುವಂತಾಗಿತ್ತು. ಅದಕ್ಕೇ ನಾದಿನಿಯ ಮಗಳು ಪುಟ್ಟಿ, ರಜೆ ಹಾಕಿ ಬಂದು ಹೊಸ ಆ್ಯಪ್ ಕಟ್ಟುತ್ತಿದ್ದಳು. ಕೋಡ್ ಬರೆಯುವ ಗೋಜು ಕಡಿಮೆ. ಬೇಕಾದ ಡಬ್ಬಿಗಳನ್ನು ಎಳೆದು ತಂದು ಪರದೆಯ ಮೇಲೆ ಕೂರಿಸಿ, ಹಳೆಯ ಹಾಳೆಯ ಯಾವ ಕಾಲಂ ಯಾವ ಡಬ್ಬಿಗೆ ಎಂದು ತೋರಿಸಿದರಾಯಿತು.

"ಹಳೇ ಸಾಲುಗಳನ್ನ ಬಿಟ್ಬಿಡೋಣ್ವಾ, ಅತ್ತೆ?"

"ಬಿಡೋದಾ? ಅವರ ಕಾಲೇನು ಹಳೇದಾಗಿ ಹೋಯ್ತಾ? ನಾಳೆ ಬಂದು ಇನ್ನೊಂದು ಜೊತೆ ಕೇಳಿದ್ರೆ ಎಲ್ಲಿ ಹುಡುಕಲಿ?"

"ಹಾಗಾದ್ರೆ ಎಲ್ಲ ಕಡೆ ಒಟ್ಟಿಗೇ ಮಾವನ ಹೆಸರು ಹಾಕ್ಬಿಡ್ತೀನಿ. ಒಂದು ಕ್ಷಣದ ಕೆಲಸ..." ಪುಟ್ಟಿ ತಟ್ಟನೆ ನಿಲ್ಲಿಸಿದಳು. ತಾರೀಖುಗಳ ಮೇಲೆ ಅವಳ ಬೆರಳು ನಿಂತಿತ್ತು. "ಅತ್ತೆ, ಕೊನೇ ಏಳು ಸಾಲು... ಮಾವ ಹೋದ ಮೇಲಿನವು."

ಆಕೆ ಬಗ್ಗಿ ತಾರೀಖು ಓದಿದಳು. ಆ ದಿನಗಳು ನೆನಪಾದವು. ತಿಂಗಳ ಮೇಲೆ ಬಾಗಿಲು ತೆರೆದಾಗ ಅಳತೆ ಕೂಗಿದ್ದು ಗಂಡನ ಕೈಕೆಳಗಿದ್ದ ಸಣ್ಣ ಮೇಸ್ತ್ರಿ. ಐವತ್ತು ದಾಟಿ ತಲೆ ನರೆತರೂ ಅವನಿಗೆ ಆ ಹೆಸರು ತಪ್ಪಿರಲಿಲ್ಲ. ಕೇಳಿದ್ದು ಅವನ ದನಿ, ಬೆರಳುಗಳು ಮಾತ್ರ ತಮ್ಮ ಪಾಡಿಗೆ 'ಇವರು' ಎಂದು ಒತ್ತಿದ್ದವು. ಎಂಟನೆಯ ಸಾಲಿಗೆ ಎಚ್ಚರವಾಗಿತ್ತು. ಹಿಂದಿನ ಏಳನ್ನು ತಿದ್ದಲು ಕೈ ಬಂದಿರಲಿಲ್ಲ.

ಒಳಗಿನಿಂದ ಸಣ್ಣ ಮೇಸ್ತ್ರಿ ಕೂಗಿದ. "ಇರ್ಲಿ ಬಿಡಿ ಅಕ್ಕ. ಕಾಲಿನ ಮರದಚ್ಚು ಅವರು ಕೆತ್ತಿದ್ದೇ ಅಲ್ವಾ? ಅವರ ಲೆಕ್ಕಕ್ಕೇ ಸೇರ್ಲಿ."

"ಹೊಲಿದಿದ್ದು ನೀನು," ಎಂದಳು ಆಕೆ. "ಇವರಿದ್ದಿದ್ರೆ ಒಪ್ಕೋತಿರ್ಲಿಲ್ಲ. ಇನ್ನೊಬ್ಬರ ಹೊಲಿಗೆಗೆ ತನ್ನ ಹೆಸರು ಅಂದ್ರೆ ಉರಿದು ಬೀಳೋರು."

ಪುಟ್ಟಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಆಕೆ ಕೂತು, ಏಳು ಸಾಲನ್ನು ಒಂದೊಂದಾಗಿ ಸಣ್ಣ ಮೇಸ್ತ್ರಿಯ ಹೆಸರಿಗೆ ತಿದ್ದಿದಳು. ಪ್ರತಿ ಸಲವೂ ಅಳಿಸುವ ಗುಂಡಿಯ ಮೇಲೆ ಬೆರಳು ತುಸು ತಡೆಯಿತು. ಆಮೇಲೆ ಉಳಿದ ಆರುನೂರ ಐದು.

"ನಾನೇ ಹಾಕ್ತೀನಿ," ಎಂದಳು.

ಮೊದಲ ಅಕ್ಷರಕ್ಕೆ ಕೀಲಿ ಹುಡುಕಬೇಕಾಯಿತು. ಊರವರು ಬೀದಿಯಿಂದ ಕೂಗುತ್ತಿದ್ದ, ಕಾಗದಗಳ ಮೇಲೆ ಬರುತ್ತಿದ್ದ, ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಕಟ್ಟಿದ್ದ ಹೆಸರು. ತನ್ನ ಕೈಯಿಂದ ಬರುತ್ತಿರುವುದು ಇದೇ ಮೊದಲು. ಮುಗಿಸಿ, ಪುಟ್ಟಿ ತೋರಿಸಿದಂತೆ ಉಳಿದ ಸಾಲುಗಳಿಗೆಲ್ಲ ಒಟ್ಟಿಗೇ ಹಾಕಿ, ಆಮದು ಗುಂಡಿ ಒತ್ತಿದಳು. ಈ ಸಲ ಕೆಂಪು ಪಟ್ಟಿ ಬರಲಿಲ್ಲ. ಹೊಸ ಪರದೆಯಲ್ಲಿ ಸಾಲುಗಳು ಇಳಿಯತೊಡಗಿದವು, ಆರುನೂರ ಐದು ಸಾಲಿನ ಕೊನೆಗೂ ಅದೇ ಹೆಸರು.

"ಸರಿಯಾಗಿದ್ಯಾ ಅತ್ತೆ? ಒಂದ್ಸಲ ಓದಿ ನೋಡಿ."

ಆಕೆ ಆ ಹೆಸರನ್ನು ಓದಿದಳು. ಮೆಲ್ಲಗೇ ಓದಿದರೂ, ಎದುರಿಗಿರುವವರನ್ನು ಕರೆದಷ್ಟು ಸ್ಪಷ್ಟವಾಗಿ ಬಾಯಿಂದ ಬಂತು.

ಒಳಗೆ ಸುತ್ತಿಗೆಯ ಸದ್ದು ನಿಂತಿತು. ಸಣ್ಣ ಮೇಸ್ತ್ರಿ ಕತ್ತೆತ್ತಿ ಬೀದಿ ಬಾಗಿಲ ಕಡೆ ನೋಡಿದ.