ದೊಡ್ಡ ಸೊಸೆಯ ಕೈಗುಣ

ಇಬ್ಬರು ಸೊಸೆಯರೂ ಒಂದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರೆ ಮನೆಯಲ್ಲಿ ಹೋಲಿಕೆ ತಪ್ಪುತ್ತದೆಯೇ? ಇಷ್ಟು ವರ್ಷ ಆ ಹೋಲಿಕೆಯಲ್ಲಿ ದೊಡ್ಡವಳೇ ಗೆಲ್ಲುತ್ತಿದ್ದಳು. ಯಾರಿಗೆ ಗಾಯವಾದರೂ ಅತ್ತೆ, "ನಮ್ಮ ದೊಡ್ಡವಳ ಹತ್ರ ಕಟ್ಟಿಸ್ಕೊಳ್ಳಿ, ಅವಳ ಕೈಗುಣ ಒಳ್ಳೇದು" ಎನ್ನುತ್ತಿದ್ದರು.

ಆ ಸಂಜೆ ಮಾತ್ರ ಮಾತು ಬೇರೆ ಕಡೆ ಹೊರಳಿತು. ಅತ್ತೆಯ ಮಂಡಿಯ ಆಪರೇಷನ್ ನಿಗದಿಯಾಗಿತ್ತು.

"ಆಪರೇಷನ್ ಆದ್ಮೇಲೆ ಡ್ರೆಸ್ಸಿಂಗ್ ಚಿಕ್ಕವಳೇ ಮಾಡ್ಲಿ," ಎಂದರು ಅತ್ತೆ, ಬಟಾಣಿ ಬಿಡಿಸುತ್ತಾ. "ಅದೇನೋ ಕನ್ನಡಕ ಹಾಕ್ಕೊಂಡು ಕೈ ತೊಳೆಯೋ ತರಬೇತಿಯಂತೆ. ಇವಳೇ ಫಸ್ಟ್ ಅಂತೆ. ದೊಡ್ಡವಳು ಆ ಕಡೆ ತಲೆ ಹಾಕಿಯೂ ಮಲಗಿಲ್ವಂತೆ."

ಸಿಂಕಿನಲ್ಲಿ ಪಾತ್ರೆ ಢಣ್ ಎಂದಿತು.

"ಅತ್ತೆ, ಇವಳು ಯೂನಿಫಾರ್ಮ್ ಹಾಕೋಕೆ ಮುಂಚಿನಿಂದ ನಾನು ಕೈ ತೊಳೀತಿದೀನಿ. ಅಜ್ಜಿಗೆ ಕೆಮ್ಮು ಕಲಿಸೋಕೆ ಈಗ ಮಿಷನ್ ಬೇರೆ!"

"ಅಕ್ಕಾ, ಅದು ವಿ.ಆರ್. ಅಂತ," ಎಂದಳು ಚಿಕ್ಕವಳು. "ಕಣ್ಣಿಗೆ ಕಟ್ಕೊಂಡ್ರೆ ವಾರ್ಡ್‌ನಲ್ಲೇ ನಿಂತ ಹಾಗಿರತ್ತೆ. ನಾವು ಏನೇನು ಮುಟ್ಟಿದ್ವಿ ಅಂತ..."

"ಆಟದ ಸಾಮಾನು!"

ಅತ್ತೆ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಆ ಮಾತು ಕಣ್ಣಿಗೆ ಖಾರ ಬಿದ್ದಂತೆ ಉರಿಯಿತು. ಮರುದಿನ ದೊಡ್ಡವಳು ತರಬೇತಿ ಕೋಣೆಗೆ ಹೋದಳು. ಕಲಿಯಲು ಅಲ್ಲ, ಯಂತ್ರದ ತಪ್ಪು ಹಿಡಿದು ಓರಗಿತ್ತಿಯ ಹೆಗ್ಗಳಿಕೆ ಇಳಿಸಲು. ಆ ವಿ.ಆರ್. ಕನ್ನಡಕವನ್ನು ತಲೆಗೆ ಬಿಗಿದವಳೂ ಚಿಕ್ಕವಳೇ. ಅದೂ ಒಂದು ಸಂಕಟ.

ಖಾಲಿ ಕೋಣೆ ಮಾಯವಾಗಿ ವಾರ್ಡ್ ಕಂಡಿತು. ಅವಳಿಗೆ ಕಂಡದ್ದೆಲ್ಲ ಚಿಕ್ಕವಳ ಮುಂದಿದ್ದ ಟಿ.ವಿ.ಯಲ್ಲೂ ಮೂಡುತ್ತಿತ್ತು. ಮಂಚದ ಮೇಲೆ ಮಂಡಿಗೆ ಬ್ಯಾಂಡೇಜ್ ಸುತ್ತಿದ ಒಬ್ಬ ಮುದುಕಿ. ದೊಡ್ಡವಳು ಅಲ್ಲೇ ಕಂಡ ನಲ್ಲಿಗೆ ಕೈಯೊಡ್ಡಿ ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಯಾವುದನ್ನೂ ಬಿಡದೆ ಉಜ್ಜಿದಳು. "ನೋಡ್ಕೋ!" ಎಂದಳು. ಎಂದಿನಂತೆ, ರೋಗಿಗೆ ಸಂಕೋಚವಾಗದಿರಲೆಂದು ಮಂಚದ ಸುತ್ತಲಿನ ಪರದೆ ಎಳೆದು ಬ್ಯಾಂಡೇಜ್ ಬಿಚ್ಚಿದಳು.

ಬೆರಳುಗಳು ಹಸಿರಾದವು. ಗಾಯದ ಅಂಚಿನಲ್ಲೂ ಅದೇ ಹಸಿರು.

"ಇದು ಕೆಟ್ಟಿದೆ! ನಾನು ತೊಳ್ದಿದ್ದನ್ನ ನೀನೇ ನೋಡ್ಲಿಲ್ವ?"

"ನನಗಿಂತ ಚೆನ್ನಾಗಿ ತೊಳೆದ್ರಿ ಅಕ್ಕ. ಆಮೇಲೆ ಪರದೆ ಎಳೆದ್ರಿ. ದಿನಾ ಅದನ್ನ ಎಷ್ಟು ಕೈ ಎಳೆಯತ್ತೆ! ವಾರ್ಡ್‌ನಲ್ಲಿ ಕಾಣದ ರೋಗಾಣು ಇಲ್ಲಿ ಬಣ್ಣವಾಗಿ ಕಾಣತ್ತೆ, ಅಷ್ಟೇ."

"ಗ್ಲೌಸ್ ಹಾಕಿದ್ರೆ?"

"ಗ್ಲೌಸ್ ಹಾಕಿ ಪರದೆ ಮುಟ್ಟಿದ್ರೆ ಗ್ಲೌಸೇ ಹಸಿರು. ಮೊದಲನೇ ಸಲ ನನ್ನ ಕೈಯೂ ಹಸಿರಾಗಿತ್ತು. ಜೇಬಿನ ಪೆನ್ನು ಮುಟ್ಟಿದ್ದೆ."

"ಅದನ್ನ ಮನೇಲಿ ಹೇಳ್ಲೇ ಇಲ್ಲ ನೀನು!"

"ನೀವು ಕೇಳೋ ಮೂಡಲ್ಲಿ ಇದ್ರಾ?"

ಇಷ್ಟು ವರ್ಷ ಎಳೆದ ಪರದೆಗಳೆಲ್ಲ ದೊಡ್ಡವಳ ಕಣ್ಣ ಮುಂದೆ ಬಂದವು. ಈ ಮುದುಕಿ ಬರೀ ಚಿತ್ರ, ಇವಳ ಗಾಯ ಕೀವಾಗುವುದಿಲ್ಲ. ಅತ್ತೆಯ ಮಂಡಿ ಚಿತ್ರವಲ್ಲ.

"ಇನ್ನೊಂದ್ಸಲ ಹಾಕು," ಎಂದಳು.

ಆಪರೇಷನ್ ಮುಗಿದು ಡ್ರೆಸ್ಸಿಂಗ್ ಬದಲಿಸುವ ದಿನ ಅತ್ತೆಯ ಮಂಚದ ಬಳಿ ಇಬ್ಬರೂ ಬಂದರು. ಅತ್ತೆ ಕೇಳಿದಂತೆ ಚಿಕ್ಕವಳೇ ಕೈ ಶುಚಿ ಮಾಡಿಕೊಂಡಳು. ಅಷ್ಟರಲ್ಲಿ ಡಾಕ್ಟರು ಹೇಳಿದ ಏನೋ ನೆನಪಾಗಿ, ಪೆನ್ನು ತೆಗೆದು ಚಾರ್ಟಿನಲ್ಲಿ ಬರೆದು, ಹಾಗೆಯೇ ಬ್ಯಾಂಡೇಜಿಗೆ ಕೈ ನೀಡಿದಳು.

"ಪೆನ್ನು!" ಎಂದಳು ದೊಡ್ಡವಳು. ಹೊಟ್ಟೆಕಿಚ್ಚಿನ ಕಣ್ಣಿಗೆ ಏನು ತಾನೇ ತಪ್ಪೀತು?

ಚಿಕ್ಕವಳು ಕೈ ಹಿಂದೆಗೆದಳು. ದೊಡ್ಡವಳು ಮೊದಲು ಪರದೆ ಎಳೆದಳು. ಆಮೇಲೆ ಸ್ಯಾನಿಟೈಸರ್ ಹಾಕಿ ಒಣಗುವವರೆಗೂ ಉಜ್ಜಿದಳು, ಗ್ಲೌಸ್ ತೊಟ್ಟಳು.

"ಸರಿ, ದೊಡ್ಡವಳೇ ಮಾಡ್ಲಿ ಬಿಡು," ಎಂದರು ಅತ್ತೆ.

ಈಗ ಮುಖ ಊದಿಸಿಕೊಳ್ಳುವ ಸರದಿ ಚಿಕ್ಕವಳದು. "ನಾಳೆ ನಂದು," ಎಂದಳು.

ಗೆಳೆಯರೇ, ನೀವು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಾದರೆ, ಇಂಥ ತರಬೇತಿ ಬಂದಾಗ ಅನುಭವದ ನೆಪ ಹೇಳಿ ತಪ್ಪಿಸಿಕೊಳ್ಳಬೇಡಿ. ಪರದೆ, ಪೆನ್ನು, ಫೋನು ಎಲ್ಲ ಮುಟ್ಟಿ ಮುಗಿದ ಮೇಲೆ ಕೈ ಶುಚಿ ಮಾಡಿಕೊಂಡು ರೋಗಿಯನ್ನು ಮುಟ್ಟಿ. ಮುಟ್ಟಿದ ಮೇಲೂ ಮರೆಯಬೇಡಿ. ನೀವು ಮಂಚದ ಮೇಲಿರುವವರೋ ಪಕ್ಕದಲ್ಲಿ ಕೂತವರೋ ಆದರೆ, "ಕೈ ಶುಚಿ ಮಾಡ್ಕೊಂಡ್ರಾ?" ಎಂದು ಕೇಳಲು ಹಿಂಜರಿಯಬೇಡಿ. ಕೇಳಿದ ಮಾತ್ರಕ್ಕೆ ಯಾರ ಕೈಗುಣವೂ ಕಡಿಮೆಯಾಗುವುದಿಲ್ಲ.