ಪಟ್ಟಿ ಮಗುಚುವ ಹೊತ್ತು

"ಕಾಲ್ ತೆಗಿಯೇ ಮುಂಡೇದೆ. ಅದೇನ್ ನಿಮ್ಮಪ್ಪ ಕಟ್ಸಿದ್ ಜಗಲೀನಾ?"

ಧಣಿ ಗದರಿದ್ದಕ್ಕೆ ಫಿಂಕಾ ಪಟ್ಟಿಯ ಮೇಲಿಂದ ಕಾಲು ತೆಗೆದಳು. ಮಣ್ಣು ಅಗೆಯುವ ಯಂತ್ರಗಳ ಚಕ್ರಗಳಿಗೆ ತೊಡಿಸುವ ಭಾರಿ ರಬ್ಬರ್ ಪಟ್ಟಿಗಳನ್ನು ಅವಳು ಬೆಳಗಿನಿಂದ ತಣ್ಣೀರಲ್ಲಿ ತಿಕ್ಕುತ್ತಿದ್ದಳು. ಅಕ್ಟೋಬರ್ ಕೊನೆಯ ದಿಮಿಟರ್ ಸಂತನ ಹಬ್ಬ ಕಳೆದಿತ್ತು. ಬಲ್ಗೇರಿಯಾದ ಆ ಬಯಲಿನಲ್ಲಿ ಅಂದಿಗೆ ಕೂಲಿ ಮುಗಿದರೆ ಮತ್ತೆ ಕರೆ ಬರುವುದು ವಸಂತದಲ್ಲಿ, ಗೆಯೊರ್ಗಿ ಸಂತನ ಹಬ್ಬಕ್ಕೇ. ಅಲ್ಲಿಯವರೆಗೆ ಯಂತ್ರಗಳಿಗೂ ರಜೆ. ರಜೆಯಲ್ಲಿ ಪಟ್ಟಿಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅವನ್ನು ಮಾಡಿದ ಕಂಪನಿ ಒಂದು ಹಾಳೆ ಕಳಿಸಿತ್ತು. ಕೂಲಿಯವರ ಬಗ್ಗೆ ಅಂಥ ಹಾಳೆಯನ್ನು ಯಾವ ಪುಣ್ಯಾತ್ಮ ಕಳಿಸಬೇಕು?

ಧಣಿ ಗೆಂಚೊ ಅದನ್ನು ಓದಿ ಹೇಳಿ, ಅಕ್ಷರ ಬಾರದ ಫಿಂಕಾಳಿಂದ ಮಗ್ಗಿಯ ಹಾಗೆ ಒಪ್ಪಿಸಿಕೊಂಡ. ಒದ್ದೆ ನೆಲದ ಮೇಲೆ ಮಲಗಿಸಬಾರದು, ಹಲಗೆ ಬೇಕು. ಬಿಸಿಲು, ಮಂಜು ಸೋಕಬಾರದು. ಮೇಲೆ ಭಾರ ಹೇರಬಾರದು. ಒಂದೇ ಮಗ್ಗುಲಲ್ಲಿ ಬಿಡಬಾರದು, ಆಗಾಗ ಮಗುಚಬೇಕು. ತಿಂಗಳೊಪ್ಪತ್ತಿನಲ್ಲಿ ಕಂಪನಿಯವನು ನೋಡಲು ಬರುತ್ತಾನೆ. ಸರಿಯಿಲ್ಲದಿದ್ದರೆ, ಪಟ್ಟಿ ಹರಿದಾಗ ಹೊಸದು ಕೊಡುವುದಿಲ್ಲ.

"ಪಟ್ಟಿ ಎಲ್ಲಾ ಷೆಡ್ಡೊಳಗೆ ಬರ್ಬೇಕು. ಒಲೆ ಹೊಗೆ ರಬ್ಬರಿಗಾಗಲ್ಲ. ನಾಳೆ ನಿನ್ ಗಂಡನ್ನ ಎತ್ಕೊಂಡು ಕಾಲುವೆ ಹತ್ರದ ತಗಡಿನ್ ಗುಡ್ಲಿಗೆ ಹೋಗು."

ಫಿಂಕಾಳ ಕೈ ನಿಂತಿತು. ಅವರಿಬ್ಬರೂ ವಾಸವಿದ್ದ ಆ ಷೆಡ್ಡಿನ ಮೂಲೆಯಲ್ಲಿ, ಒಲೆಯ ಪಕ್ಕ, ಅವಳ ಗಂಡ ರಾಂಗೆಲ್ ಮಲಗಿದ್ದ. ಗೋದಿ ಕೊಯ್ಲಿನ ಕಾಲದಲ್ಲಿ ಇಂಥದೇ ಒಂದು ಪಟ್ಟಿ ಕೊಕ್ಕೆಯಿಂದ ಜಾರಿ ಅವನ ಬೆನ್ನ ಮೇಲೆ ಬಿದ್ದಿತ್ತು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕುಡಿದು ಮನೆಯಲ್ಲಿ ಬಿದ್ದನೆಂದು ಆಸ್ಪತ್ರೆಯಲ್ಲಿ ಬರೆಸಿದವನು ಗೆಂಚೊ. ಸದ್ಯ, ಪಟ್ಟಿಗೇನೂ ಆಗಲಿಲ್ಲ ಅಂತ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದವನೂ ಅವನೇ.

"ಗುಡ್ಲು ಸೋರ್ತದೆ ಬುದ್ಧೀ. ಇವನ್ಗೆ ಬೆನ್ ತುಂಬಾ ಹುಣ್ಣಾಗದೆ. ಈ ಚಳೀಲಿ ಸತ್ತೋಯ್ತಾನೆ."

"ಚೆನ್ನಾಗೇ ಅದೆ ಗುಡ್ಲು. ನನ್ ಹಂದಿಗಳು ಮೂರ್ ವರ್ಷ ಅಲ್ಲೇ ಇದ್ವು, ಒಂದಿನಾನೂ ಸೋರ್ತದೆ ಅನ್ಲಿಲ್ಲ. ಇವ್ನು ಮನ್ಸ ತಾನೆ? ರಬ್ಬರಲ್ವಲ್ಲ, ಬಿರುಕ್ ಬಿಡಾಕೆ."

ಅಂದವನೇ ಕಾರು ಹತ್ತಿ, ಸಮುದ್ರದ ಕಡೆಯ ಊರಲ್ಲಿದ್ದ ಮಗಳ ಮನೆಗೆ ಹೋದ.

ರಾಂಗೆಲ್ ಎಲ್ಲ ಕೇಳಿಸಿಕೊಂಡಿದ್ದ. ನಮ್ಮವ್ವ ರಬ್ಬರ್ ಹೆತ್ತಿದ್ದರೆ ಇಷ್ಟೊತ್ತಿಗೆ ಹಲಗೆ ಮೇಲಿರುತ್ತಿದ್ದೆ ಎಂದು ಕೆಮ್ಮು ಬರುವಷ್ಟು ನಕ್ಕ. ಫಿಂಕಾ ನಗಲಿಲ್ಲ. ಮಾರನೆಯ ಬೆಳಿಗ್ಗೆ ತನ್ನ ಕೇರಿಗೆ ಹೋಗಿ, ಕೂಲಿಯಿಲ್ಲದೆ ಗೋಡೆಗೊರಗಿ ಕೂತಿದ್ದ ನಾಲ್ವರು ಅಣ್ಣತಮ್ಮಂದಿರನ್ನು ಎಬ್ಬಿಸಿಕೊಂಡು ಬಂದಳು.

ತಿಂಗಳ ಮೇಲೆ ಗೆಂಚೊ ಕಂಪನಿಯವನೊಡನೆ ಬಂದಿಳಿದ. ಕೈಯಲ್ಲಿ ಅತಿಥಿಗೆಂದು ತಂದ ಪ್ಲಮ್ ಸಾರಾಯಿಯ ಬಾಟಲಿ. ನಮ್ಮಲ್ಲಿ ಪಟ್ಟಿಗಳನ್ನು ಮಕ್ಕಳ ಹಾಗೆ ನೋಡಿಕೊಳ್ಳುತ್ತೇವೆ ಎನ್ನುತ್ತಲೇ ಷೆಡ್ಡಿನ ಬಾಗಿಲು ತಳ್ಳಿದ. ಒಳಗೆ ಒಲೆ ಉರಿಯುತ್ತಿತ್ತು, ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿತ್ತು. ಹಲಗೆಗಳ ಮೇಲೆ, ಪಟ್ಟಿಗಳಿಗೆ ಹೊದಿಸಲು ಕಂಪನಿ ಕಳಿಸಿದ ಹೊಸ ಟಾರ್ಪಾಲು ಹೊದ್ದು ರಾಂಗೆಲ್ ಮಲಗಿದ್ದ. ಪಟ್ಟಿ ಒಂದೂ ಇರಲಿಲ್ಲ.

"ಪಟ್ಟಿ ಎಲ್ಲೇ, ಬೇವರ್ಸಿ?"

"ಗುಡ್ಲಲ್ಲವೆ ಬುದ್ಧೀ. ಚೆನ್ನಾಗದೆ ಅಂದ್ರಲ್ಲ ನೀವು."

ಕಿಟಕಿಯಾಚೆ, ಕಾಲುವೆಯ ಬದಿಯಲ್ಲಿ, ಬಾಗಿಲಿಲ್ಲದ ಗುಡಿಸಲಲ್ಲಿ ಪಟ್ಟಿಗಳು ಒಂದರ ಮೇಲೊಂದು ಬಿದ್ದು, ಕೆಸರಲ್ಲಿ ಅರ್ಧ ಹೂತು ಹೆಪ್ಪುಗಟ್ಟಿದ್ದವು. ಕಂಪನಿಯವನು ತನ್ನ ಹಾಳೆ ತೆಗೆದ. ಅವನು ಕೇಳುವ ಮೊದಲೇ ಫಿಂಕಾ ರಾಂಗೆಲ್‌ನನ್ನು ತೋರಿಸುತ್ತ ಒಪ್ಪಿಸತೊಡಗಿದಳು. ಒಂದಕ್ಷರವೂ ತಪ್ಪಲಿಲ್ಲ. ಒದ್ದೆ ನೆಲವಿಲ್ಲ, ಹಲಗೆಯಿದೆ. ಮಂಜು ಸೋಕಿಲ್ಲ. ಮೇಲೆ ಭಾರವಿಲ್ಲ.

ಗೆಂಚೊ ಹೊಡೆಯಲು ಕೈಯೆತ್ತಿದ. ಅವಳು ಟಾರ್ಪಾಲು ಸರಿಸಿ, ಗಂಡನ ಹೆಗಲ ಕೆಳಗೆ ತೋಳು ತೂರಿಸಿದಳು.

"ಕೈ ಹೆಂಗೂ ಎತ್ತಿದ್ದೀರಿ ಬುದ್ಧೀ, ಬನ್ನಿ. ಮಗುಚೋ ಹೊತ್ತಾಯ್ತು. ನೀವು ಕಾಲ್ ಕಡೆ ಹಿಡ್ಕಳಿ."