ಅರಿಶಿಣ ಹಿಡಿಯದ ಕಾರ್ಡು

ಮಗ ನಚಿಕೇತನ ಮುಂಜಿಯ ಪತ್ರಿಕೆಯನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲೇ ಅಚ್ಚು ಹಾಕುತ್ತೇನೆಂದು ಅರವಿಂದ ಹಟ ಹಿಡಿದಾಗಲೇ ನಿರುಪಮಾಳ ಮೈ ಉರಿದಿತ್ತು. ಬ್ಯಾಂಕಿನವರು ಅವನನ್ನು ಧಾರವಾಡದಿಂದ ನಾಶಿಕಕ್ಕೆ ವರ್ಗ ಮಾಡಿದ ಮೇಲೆ ಗಂಡನಿಗೆ ತಿಳಿಯದ ವಿಷಯವೇ ಉಳಿದಿರಲಿಲ್ಲ.

ಕಾಗದದ ಅಂಗಡಿಯವನು ಒರಟು ಮೈಯ ದಪ್ಪ ಕಾರ್ಡು ತೋರಿಸಿ, ಇಂಕ್‌ಜೆಟ್ಟಿಗೆ ಇದೇ ಬರೋಬರ್ ಅತ್ತಿಗೆ, ಆ ಹೊಳೆಯೋದು ಲೇಸರ್ ಪ್ರಿಂಟರಿಗೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ್ದ.

“ಇದ ಇರಲಿರಿ. ಮೂಲಿಗೆ ಅರಿಶಿಣಾ ಹಚ್ಚಬೇಕು,” ಎಂದಳು ನಿರುಪಮಾ.

“ಪ್ರಿಂಟರಿನ ವಿಷಯ ನಿನಗೇನ ತಿಳೀತದ,” ಎಂದು ಅಂಗಡಿಯವನ ಎದುರಿಗೇ ನಕ್ಕ ಅರವಿಂದ, ಕನ್ನಡಿಯಂತೆ ಹೊಳೆಯುವ ಇನ್ನೂರು ಕಾರ್ಡು ಕಟ್ಟಿಸಿಕೊಂಡ. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಭಾನುವಾರ ಇನ್ನೂರೂ ಅಚ್ಚಾದವು. ಸೋಮವಾರ ಬೆಳಿಗ್ಗೆ ಮೊದಲ ಪತ್ರಿಕೆಯನ್ನು ದೇವರ ಮುಂದೆ ಇಡಲೆಂದು ನಿರುಪಮಾ ಕಲಸಿದ ಅರಿಶಿಣದಲ್ಲಿ ಬೆರಳದ್ದಿ ಮೂಲೆಗೆ ಹಚ್ಚಿದಳು. ಅರಿಶಿಣ ನಿಲ್ಲದೆ ಜಾರಿ ಮಾವನವರ ಹೆಸರಿನ ಮೇಲೆ ಹರಿಯಿತು. ಒರೆಸಿದರೆ ಹೆಸರೇ ಬೆರಳಿಗೆ ಬಂತು.

ಬಿಳಿ ಅಂಗಿ ತೊಟ್ಟು ಬ್ಯಾಂಕಿಗೆ ಹೊರಟಿದ್ದ ಅರವಿಂದ ಬಗ್ಗಿ ನೋಡಿದ. “ಅರಿಶಿಣಾ ಬಿಟ್ಟಬಿಡು. ಈಗ ಅದನ್ನೆಲ್ಲಾ ಯಾರ ನೋಡ್ತಾರ?”

ನಿರುಪಮಾ ಮತ್ತೊಮ್ಮೆ ಬೆರಳದ್ದಿ, ಎದ್ದು ಬಂದು, ಅವನ ಅಂಗಿಯ ಜೇಬಿನ ಮೇಲೆ ನಿಧಾನವಾಗಿ ಒತ್ತಿದಳು.

“ನೋಡ್ರಿ, ಇದು ಹೆಂಗ ಹಿಡೀತು. ಸಂಜೀಕ ಬರೋವಾಗ ಇಂಥಾ ಕಾರ್ಡು ತರ್ರಿ. ಹೇಳಲಿಕ್ಕೆ ಬರದಿದ್ರ ಅಂಗಡಿಯವಗ ಅಂಗೀನೇ ತೋರಸ್ರಿ.”